ಐಪಿ ಪಿಬಿಎಕ್ಸ್: ಅಂತರಜಾಲ ಆಧಾರಿತ ಖಾಸಗಿ ದೂರವಾಣಿ ವ್ಯವಸ್ಥೆ

ಐಪಿ ಪಿಬಿಎಕ್ಸ್ ಎಂದರೆ ಒಂದು ಸಂಸ್ಥೆಯ ಒಳಗಿನ ಫೋನುಗಳನ್ನು ಒಂದಕ್ಕೊಂದು ಜೋಡಿಸುವ, ಹೊರಗಿನ ಸಾರ್ವಜನಿಕ ದೂರವಾಣಿ ಜಾಲಕ್ಕೂ ಬಾಗಿಲು ತೆರೆದಿಡುವ ಖಾಸಗಿ ಎಕ್ಸ್‌ಚೇಂಜ್. ಮಾತಿಗೆಂದೇ ಎಳೆದ ತಾಮ್ರದ ತಂತಿಯ ಬದಲು, ಕಂಪ್ಯೂಟರುಗಳು ಬಳಸುವ ಜಾಲದ ಮೇಲೆಯೇ ಇದು ಧ್ವನಿಯನ್ನು ಸಾಗಿಸುತ್ತದೆ. ಆಸ್ಪತ್ರೆ, ಬ್ಯಾಂಕು, ಕಾಲೇಜು, ಹೋಟೆಲು, ಕಾರ್ಖಾನೆ, ಕಾಲ್ ಸೆಂಟರು ಹೀಗೆ ಹತ್ತಾರು ಮೇಜುಗಳಿದ್ದು ಕೆಲವೇ ಹೊರಗಿನ ನಂಬರುಗಳಿರುವಲ್ಲೆಲ್ಲ ಇದರ ಬಳಕೆಯಿದೆ. ಹಳೆಯ ಇಂಟರ್‌ಕಾಮ್ ಅಥವಾ ಇಪಿಎಬಿಎಕ್ಸ್ ಮಾಡುತ್ತಿದ್ದ ಕೆಲಸವನ್ನೇ ಇದೂ ಮಾಡುತ್ತದೆ. ವ್ಯತ್ಯಾಸವಿರುವುದು ಒಂದೇ ಕಡೆ. ಹಳೆಯ ವ್ಯವಸ್ಥೆಯಲ್ಲಿ ನಂಬರು ಗೋಡೆಯ ತಂತಿಗೆ ಕಟ್ಟಿತ್ತು, ಇಲ್ಲಿ ನಂಬರು ಒಂದು ಖಾತೆ ಮಾತ್ರ. ಖಾತೆಗೆ ಪಾಸ್‌ವರ್ಡ್ ಹಾಕಿ ಒಳಹೊಕ್ಕ ಯಂತ್ರ ಎಲ್ಲಿದೆಯೋ ನಂಬರೂ ಅಲ್ಲೇ. ಈ ವ್ಯವಸ್ಥೆಯ ಅನುಕೂಲಗಳು, ತೊಡಕುಗಳು, ಭಾರತದಲ್ಲಿ ಅದು ಎದುರಿಸಿದ ಕಾನೂನಿನ ಜಗ್ಗಾಟ ಎಲ್ಲವೂ ಈ ಒಂದು ಬದಲಾವಣೆಯಿಂದ ಹುಟ್ಟಿದವು.

ಒಂದು ಕರೆಯ ದಾರಿ

ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ ಮೂರು ಅಂತಸ್ತಿನ ಒಂದು ನರ್ಸಿಂಗ್ ಹೋಮ್ ಇದೆ ಎಂದು ಕಲ್ಪಿಸಿಕೊಳ್ಳೋಣ. ಹುಮನಾಬಾದ್ ರಸ್ತೆಯ ಕಮಲಾಪುರದಿಂದ ಒಬ್ಬ ರೈತ ಅಲ್ಲಿಗೆ ಫೋನ್ ಹಚ್ಚುತ್ತಾನೆ. ಡಾಕ್ಟರು ಇವತ್ತು ಇದ್ದಾರೋ ಇಲ್ಲವೋ ಎಂಬುದಷ್ಟೇ ಅವನ ಪ್ರಶ್ನೆ. ಅವನ ಮೊಬೈಲಿನಿಂದ ಹೊರಟ ಕರೆ ದೂರವಾಣಿ ಕಂಪನಿಯ ಜಾಲವನ್ನು ಹಾದು, 08472 ಎಂಬ ಕಲಬುರಗಿಯ ಸಂಕೇತ ಹೊತ್ತ ನಂಬರಿನ ಮೂಲಕ ಆಸ್ಪತ್ರೆಯ ಬಾಗಿಲಿಗೆ ಬರುತ್ತದೆ. ಇಲ್ಲಿಯವರೆಗಿನದು ಸಾರ್ವಜನಿಕ ಜಾಲದ ಕೆಲಸ. ಆಸ್ಪತ್ರೆಯನ್ನು ಆ ಜಾಲಕ್ಕೆ ಕಟ್ಟುವ ಕೊಂಡಿಗೆ ಟ್ರಂಕ್ ಎನ್ನುತ್ತಾರೆ. ಆಚೆಗಿನದೆಲ್ಲ ಪಿಬಿಎಕ್ಸ್ ಆಡಳಿತ.

ಪಿಬಿಎಕ್ಸ್ ಎಂಬುದು ಈಗ ಹೆಚ್ಚಾಗಿ ಒಂದು ಸಾಫ್ಟ್‌ವೇರ್. ಅದು ಲೆಕ್ಕದ ಕೋಣೆಯ ಮೂಲೆಯಲ್ಲಿರುವ ಸಣ್ಣ ಪೆಟ್ಟಿಗೆಯಲ್ಲಿ ಓಡಬಹುದು, ಬೆಂಗಳೂರು ಅಥವಾ ಮುಂಬೈನ ಡೇಟಾ ಸೆಂಟರಿನಲ್ಲೂ ಓಡಬಹುದು. ಕಟ್ಟಡದೊಳಗಿನ ಪ್ರತಿ ಫೋನೂ, ಅದು ಮೇಜಿನ ಮೇಲಿನ ಐಪಿ ಫೋನ್ ಆಗಿರಲಿ, ಮೊಬೈಲಿನ ಆ್ಯಪ್ ಆಗಿರಲಿ, ಆನ್ ಆದೊಡನೆ ಪಿಬಿಎಕ್ಸ್‌ಗೆ ತನ್ನ ಹೆಸರು ನೋಂದಾಯಿಸುತ್ತದೆ. ನಾನು 203ನೇ ಎಕ್ಸ್‌ಟೆನ್ಷನ್, ಈಗ ಈ ವಿಳಾಸದಲ್ಲಿದ್ದೇನೆ ಎಂಬಷ್ಟೇ ಅದರ ಅರ್ಥ. ಕೆಲವು ನಿಮಿಷಗಳಿಗೊಮ್ಮೆ ಈ ನೋಂದಣಿಯನ್ನು ಅದು ನವೀಕರಿಸುತ್ತಲೇ ಇರುತ್ತದೆ. ಹೊರಗಿನ ಕರೆ ಬಂದಾಗ ಪಿಬಿಎಕ್ಸ್ ತನ್ನ ನಿಯಮಗಳ ಪಟ್ಟಿ ನೋಡುತ್ತದೆ: ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ರಿಸೆಪ್ಷನ್, ಆಮೇಲೆ ನೈಟ್ ಡ್ಯೂಟಿ ನರ್ಸ್, ಭಾನುವಾರ ಧ್ವನಿಮುದ್ರಿತ ಸಂದೇಶ. ರಿಸೆಪ್ಷನ್‌ನವರು ಎತ್ತದಿದ್ದರೆ ಇಪ್ಪತ್ತು ಸೆಕೆಂಡಿನ ನಂತರ ಔಷಧಿ ಅಂಗಡಿಯ ಕೌಂಟರಿಗೆ ಹೋಗು ಎಂದೂ ಬರೆದಿಡಬಹುದು. ಹಳೆಯ ಎಕ್ಸ್‌ಚೇಂಜಿನಲ್ಲಿ ಇಂಥ ಒಂದು ಬದಲಾವಣೆಗೆ ಮೆಕ್ಯಾನಿಕ್ ಬರಬೇಕಿತ್ತು. ಈಗ ಬ್ರೌಸರಿನಲ್ಲಿ ಎರಡು ಕ್ಲಿಕ್ ಸಾಕು. ಹಾಗಾಗಿಯೇ ಯಾರು ಯಾವಾಗ ಏನು ಬದಲಿಸಿದರೆಂಬುದು ಯಾರಿಗೂ ತಿಳಿಯದಂಥ ಪಿಬಿಎಕ್ಸ್‌ಗಳು ಎಲ್ಲೆಡೆ ಇವೆ.

ಕರೆ ಕೂಡಿಸುವ, ಕಡಿಯುವ ಮಾತುಕತೆಗೆ ಇಂದು ಬಹುತೇಕ ಎಲ್ಲರೂ ಬಳಸುವ ಪ್ರೋಟೊಕಾಲ್ ಸಿಪ್. 1999ರಲ್ಲಿ ಅದರ ಮೊದಲ ಮಾನದಂಡ ಪ್ರಕಟವಾಯಿತು, 2002ರಲ್ಲಿ ಈಗ ಚಾಲ್ತಿಯಲ್ಲಿರುವ ರೂಪ ಬಂತು. ಅದರ ಸಂದೇಶಗಳು ಮನುಷ್ಯರು ಓದಬಲ್ಲ ಸಾದಾ ಪಠ್ಯ. ಕರೆಯುವ ಕಡೆಯಿಂದ ಇನ್ವೈಟ್ ಹೋಗುತ್ತದೆ, ಆಚೆಯಿಂದ ರಿಂಗಿಂಗ್ ಎಂದು ಮರಳುತ್ತದೆ, ಎತ್ತಿದಾಗ ಓಕೆ, ಇಟ್ಟಾಗ ಬೈ. ಸಿಪ್‌ಗೂ ಮೊದಲು, 1996ರಲ್ಲಿ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ರೂಪಿಸಿದ ಎಚ್.323 ಎಂಬ ಮಾನದಂಡವಿತ್ತು. ಅದು ದೂರವಾಣಿ ಎಂಜಿನಿಯರುಗಳ ಮನೋಧರ್ಮದ್ದು, ವಿಸ್ತಾರವಾದದ್ದು, ಜಟಿಲವಾದದ್ದು. ಸಿಪ್ ಅಂತರಜಾಲದವರ ಕೈಯಲ್ಲಿ ಬೆಳೆದದ್ದು, ಗೆದ್ದದ್ದೂ ಅದೇ.

ಸಿಪ್ ಕರೆಯನ್ನು ಕೂಡಿಸುತ್ತದೆಯೇ ಹೊರತು ಧ್ವನಿಯನ್ನು ಹೊರುವುದಿಲ್ಲ. ಧ್ವನಿಗೆ ಆರ್‌ಟಿಪಿ ಎಂಬ ಬೇರೆಯದೇ ಪ್ರೋಟೊಕಾಲ್ ಇದೆ, ಮತ್ತು ಅದು ಬೇರೆಯದೇ ದಾರಿ ಹಿಡಿಯಬಹುದು. ಈ ಎರಡು ದಾರಿಗಳ ಸಂಗತಿ ಗೊತ್ತಿಲ್ಲದೆ ಐಪಿ ಫೋನಿನ ರೋಗಗಳಲ್ಲಿ ಅರ್ಧದಷ್ಟು ಅರ್ಥವಾಗುವುದಿಲ್ಲ. ಗಂಟೆ ಹೊಡೆಯಿತು, ಎತ್ತಿದೆವು, ಆದರೆ ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಮಗೆ ಕೇಳುವುದಿಲ್ಲ ಎಂಬ ದೂರು ಎಲ್ಲೆಡೆ ಸಾಮಾನ್ಯ. ಕರೆಯ ಸಂದೇಶ ಬಂದು ತಲುಪಿದೆ, ಧ್ವನಿ ಮಾತ್ರ ರೌಟರಿನ ಹೊಸ್ತಿಲಲ್ಲೇ ನಿಂತಿದೆ. ಕಚೇರಿಯ ಒಳಗಿನ ವಿಳಾಸ ಹೊರಗಿನವರಿಗೆ ಕಾಣದಿರುವುದೇ ಇದಕ್ಕೆ ಕಾರಣ. ಅದನ್ನು ಸರಿಪಡಿಸುವುದಾಗಿ ರೌಟರುಗಳಲ್ಲಿ ತಯಾರಕರು ಇಟ್ಟಿರುವ ಸಿಪ್ ಎಎಲ್‌ಜಿ ಎಂಬ ಸೌಲಭ್ಯ ಎಷ್ಟೋ ಬಾರಿ ಇದ್ದ ಸಂದೇಶವನ್ನೇ ಕೆಡಿಸುತ್ತದೆ. ಅನುಭವಿ ತಂತ್ರಜ್ಞರು ಮೊದಲು ಮಾಡುವ ಕೆಲಸ ಅದನ್ನು ಆಫ್ ಮಾಡುವುದು.

ಧ್ವನಿ ತುಣುಕಾಗುವ ಬಗೆ

ದೂರವಾಣಿಯಲ್ಲಿ ಮನುಷ್ಯನ ಧ್ವನಿಯ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಭಾಗವನ್ನು ಮಾತ್ರ ಸಾಗಿಸುವುದು ಹಳೆಯ ರೂಢಿ. ಮಾತು ತಿಳಿಯಲು ಅಷ್ಟು ಸಾಕು, ಸಂಗೀತಕ್ಕೆ ಸಾಲದು. 1972ರಲ್ಲಿ ಮಾನದಂಡವಾದ ಜಿ.711 ಎಂಬ ಕೋಡೆಕ್, ಅಂದರೆ ಧ್ವನಿಯನ್ನು ಅಂಕಿಗಳಾಗಿಸುವ ಕ್ರಮ, ಈ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತದೆ. ಅಂದರೆ ಸೆಕೆಂಡಿಗೆ 64,000 ಬಿಟ್. ಇದರ ಎರಡು ಪ್ರಭೇದಗಳಲ್ಲಿ ಭಾರತ, ಯೂರೋಪು ಬಳಸುವುದು ಎ-ಲಾ, ಅಮೆರಿಕ ಬಳಸುವುದು ಮ್ಯು-ಲಾ. ಐಪಿ ಫೋನ್ ಈ ಹರಿವನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸುತ್ತದೆ. ಒಂದೊಂದು ತುಣುಕಿನಲ್ಲಿ 160 ಬೈಟ್ ಮಾತು ಇರುತ್ತದೆ, ಅದರ ಮೇಲೆ ವಿಳಾಸ, ಕ್ರಮಸಂಖ್ಯೆ ಇತ್ಯಾದಿಯ 40 ಬೈಟ್ ತಲೆಬರಹ. ಸೆಕೆಂಡಿಗೆ ಇಂಥ 50 ಪ್ಯಾಕೆಟ್‌ಗಳು. ಎಲ್ಲ ಸೇರಿ ಒಂದು ದಿಕ್ಕಿಗೆ 80 ಕಿಲೋಬಿಟ್, ಈಥರ್ನೆಟ್ಟಿನ ಹೊದಿಕೆಯೂ ಸೇರಿದರೆ 87 ಕಿಲೋಬಿಟ್‌ಗೆ ತುಸು ಮೇಲೆ.

ಈ ಲೆಕ್ಕ ಒಮ್ಮೆ ಕೈಗೆ ಸಿಕ್ಕರೆ ಮಾರಾಟದವರ ಮಾತಿಗೆ ಮರುಳಾಗಬೇಕಿಲ್ಲ. ಒಂದೇ ಹೊತ್ತಿಗೆ ಹತ್ತು ಜನ ಹೊರಗೆ ಮಾತಾಡಿದರೂ ಒಂದು ಮೆಗಾಬಿಟ್ ಕೂಡ ತುಂಬುವುದಿಲ್ಲ. 30 ಮೆಗಾಬಿಟ್‌ನ ಸಾಧಾರಣ ಫೈಬರ್ ಸಂಪರ್ಕ ಮಧ್ಯಮ ಗಾತ್ರದ ಆಸ್ಪತ್ರೆಯೊಂದರ ಮಾತಿಗೆ ಬೇಕಾದಷ್ಟಾಯಿತು. ಕಿರಿದಾದ ಸಂಪರ್ಕಕ್ಕೆಂದು ಜಿ.729 ಎಂಬ ಕೋಡೆಕ್ ಇದೆ. ಅದು ಮಾತನ್ನು ಸೆಕೆಂಡಿಗೆ 8,000 ಬಿಟ್‌ಗೆ ಹಿಂಡುತ್ತದೆ, ತಲೆಬರಹ ಸೇರಿ 24 ಕಿಲೋಬಿಟ್ ಆಗುತ್ತದೆ. ಮೂಲಕ್ಕಿಂತ ತಲೆಬರಹವೇ ಎರಡು ಪಟ್ಟು! 2012ರಲ್ಲಿ ಮಾನದಂಡವಾದ ಓಪಸ್ ಇವೆರಡಕ್ಕಿಂತ ಜಾಣತನದ್ದು, ಸಂಪರ್ಕದ ಸ್ಥಿತಿ ನೋಡಿಕೊಂಡು ತನ್ನ ಗಾತ್ರವನ್ನು ಹೊಂದಿಸಿಕೊಳ್ಳುತ್ತದೆ. ಬ್ರೌಸರ್ ಮತ್ತು ಆ್ಯಪ್ ಕರೆಗಳಲ್ಲಿ ಅದರದೇ ರಾಜ್ಯ.

ತೊಂದರೆ ಬರುವುದು ಗಾತ್ರದಿಂದಲ್ಲ, ಹೊತ್ತಿನಿಂದ. ಕಡತವೊಂದು ಎರಡು ಸೆಕೆಂಡು ತಡವಾಗಿ ಬಂದರೆ ಯಾರಿಗೂ ಗೊತ್ತಾಗದು. ಮಾತು ಅರ್ಧ ಸೆಕೆಂಡು ತಡವಾದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ವಿಳಂಬ ಒಂದೇ ಸಮನಾಗಿದ್ದರಾದರೂ ಹೇಗೋ ಸಾಗುತ್ತದೆ. ಪ್ಯಾಕೆಟ್‌ಗಳು ಒಮ್ಮೆ ಬೇಗ, ಒಮ್ಮೆ ತಡವಾಗಿ ಬಂದರೆ ಮಾತು ಹರಿದುಹೋಗುತ್ತದೆ. ಇದಕ್ಕೆ ಜಿಟರ್ ಎನ್ನುತ್ತಾರೆ. ನಳದ ನೀರು ಯಾವ ಹೊತ್ತಿಗೆ ಬಂದರೂ ಮನೆಯೊಳಗೆ ಸಮನಾಗಿ ಹರಿಯಲೆಂದು ಮಾಳಿಗೆಯ ಮೇಲೆ ಟ್ಯಾಂಕ್ ಕಟ್ಟಿಸುವಂತೆ, ಫೋನಿನೊಳಗೂ ಒಂದು ಜಿಟರ್ ಬಫರ್ ಇರುತ್ತದೆ. ಬಂದ ಪ್ಯಾಕೆಟ್‌ಗಳನ್ನು ಅದು ಹತ್ತಾರು ಮಿಲಿಸೆಕೆಂಡ್ ಹಿಡಿದಿಟ್ಟು, ಸಾಲಾಗಿಸಿ, ಆಮೇಲೆ ಕಿವಿಗೆ ಬಿಡುತ್ತದೆ. ಬಫರ್ ದೊಡ್ಡದಾದಷ್ಟೂ ಮಾತು ನಯ, ವಿಳಂಬವೂ ಹೆಚ್ಚು. ಎರಡರ ನಡುವೆ ತೂಗಿ ನೋಡುವುದೇ ತಂತ್ರಜ್ಞರ ಕೆಲಸ. ಅದೇ ಫೈಬರಿನಲ್ಲಿ ಎಕ್ಸ್-ರೇ, ಸಿಟಿ ಸ್ಕ್ಯಾನ್ ಚಿತ್ರಗಳು ಹೋಗುತ್ತಿರುವಾಗ ಮಾತಿನ ಪ್ಯಾಕೆಟ್‌ಗಳಿಗೆ ದಾರಿ ಬಿಡುವಂತೆ ರೌಟರಿಗೆ ಹೇಳಿರಬೇಕು. ಹೀಗೆ ಹೇಳದೆ ಬಿಟ್ಟ ಕಚೇರಿಯಲ್ಲಿ ಎಂಥ ದುಬಾರಿ ಫೋನ್ ತಂದರೂ ಸಂಜೆಯ ಹೊತ್ತಿಗೆ ಮಾತು ತುಂಡಾಗುತ್ತದೆ.

ಬೆಳೆದು ಬಂದ ದಾರಿ

ಖಾಸಗಿ ಎಕ್ಸ್‌ಚೇಂಜಿನ ಮೊದಲ ರೂಪ ಒಂದು ಮರದ ಬೋರ್ಡು, ಅದರ ಮುಂದೆ ಒಬ್ಬ ಆಪರೇಟರ್, ಕೈಯಲ್ಲಿ ತುದಿಗೆ ಪ್ಲಗ್ ಇರುವ ವೈರುಗಳು. ಮನುಷ್ಯರ ಕೈಯನ್ನು ತಪ್ಪಿಸುವ ಸ್ವಯಂಚಾಲಿತ ಸ್ವಿಚ್ಚಿಗೆ ಅಮೆರಿಕದ ಆಲ್ಮನ್ ಸ್ಟ್ರೋಜರ್ 1891ರಲ್ಲಿ ಪೇಟೆಂಟ್ ಪಡೆದ. ಅವನು ಶವಸಂಸ್ಕಾರದ ಸಾಮಗ್ರಿ ಒದಗಿಸುವ ಉದ್ಯಮಿ. ಆಪರೇಟರು ತನ್ನ ಗಿರಾಕಿಗಳನ್ನು ಪ್ರತಿಸ್ಪರ್ಧಿಗೆ ಜೋಡಿಸುತ್ತಿದ್ದಾಳೆಂಬ ಗುಮಾನಿ ಅವನನ್ನು ಸಂಶೋಧಕನನ್ನಾಗಿಸಿತು ಎಂಬ ಕಥೆ ದೂರವಾಣಿ ಚರಿತ್ರೆಯಲ್ಲಿ ತಪ್ಪದೆ ಬರುತ್ತದೆ. ಸ್ವತಂತ್ರ ಭಾರತದಲ್ಲಿ ಇಂಥ ಯಂತ್ರಗಳ ತಯಾರಿಕೆ ನೆಲೆಗೊಂಡದ್ದು ಕರ್ನಾಟಕದಲ್ಲಿ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ, ದೇಶಕ್ಕೆ ಬೇಕಾದ ದೂರವಾಣಿ ಉಪಕರಣ ಮತ್ತು ಎಕ್ಸ್‌ಚೇಂಜುಗಳನ್ನು ದಶಕಗಳ ಕಾಲ ಒದಗಿಸಿತು. ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರ ಎಂದೇ ಹೆಸರಾಯಿತು.

ಎರಡನೆಯ ತಿರುವೂ ಇಲ್ಲಿಯದೇ. 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ದೆಹಲಿ ಮತ್ತು ಬೆಂಗಳೂರಿನಲ್ಲಿ ಕೆಲಸ ನಡೆಸಿತು. ಅದರ ಹಿಂದಿನ ಮುಖ್ಯ ಪ್ರೇರಕ ಸ್ಯಾಮ್ ಪಿತ್ರೋಡಾ. ಹೊರದೇಶದ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ನಮ್ಮ ಹಳ್ಳಿಗಳಲ್ಲಿ ಅದು ಆಗದ ಮಾತು. ಸಿ-ಡಾಟ್‌ನ ಎಂಜಿನಿಯರುಗಳು 128 ಪೋರ್ಟಿನ ಸಣ್ಣ ಡಿಜಿಟಲ್ ಎಕ್ಸ್‌ಚೇಂಜನ್ನು ಬಿಸಿಲು, ಧೂಳು, ಅಡ್ಡಾದಿಡ್ಡಿ ಕರೆಂಟು ಇವನ್ನೆಲ್ಲ ತಾಳಿಕೊಳ್ಳುವಂತೆ, ಎ.ಸಿ. ಇಲ್ಲದೆ ಓಡುವಂತೆ ರೂಪಿಸಿದರು. ಅದರ ಗ್ರಾಮೀಣ ರೂಪ ಮೊದಲು ಕಾರ್ಯಾರಂಭ ಮಾಡಿದ್ದು 1986ರ ಜುಲೈನಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಅದೇ 128 ಪೋರ್ಟಿನ ವಿನ್ಯಾಸ ಕಚೇರಿಗಳ ಖಾಸಗಿ ಎಕ್ಸ್‌ಚೇಂಜಾಗಿಯೂ ಬಳಕೆಗೆ ಬಂತು. ಹಳ್ಳಿಯ ಸಾರ್ವಜನಿಕ ಎಕ್ಸ್‌ಚೇಂಜೂ ಕಚೇರಿಯ ಇಂಟರ್‌ಕಾಮೂ ಒಂದೇ ತಾಯಿಯ ಮಕ್ಕಳು ಎಂಬುದನ್ನು ನಮ್ಮ ತಂತ್ರಜ್ಞಾನ ಚರಿತ್ರೆಕಾರರು ಇನ್ನಷ್ಟು ಒತ್ತಿ ಹೇಳಬೇಕಿತ್ತು. ಕಲಬುರಗಿಯಂಥ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿಗೆ ಕಿತ್ತೂರಿನ ಪಾಠ ಇಂದಿಗೂ ಹಳತಾಗಿಲ್ಲ. ಮೆಟ್ಟಿಲ ಕೆಳಗಿನ ಗಾಳಿಯಾಡದ ಕಪಾಟಿನಲ್ಲಿ ಸರ್ವರ್, ಸ್ವಿಚ್, ಯುಪಿಎಸ್ ಮೂರನ್ನೂ ತುರುಕಿದರೆ ಏಪ್ರಿಲ್‌ನಲ್ಲಿ ಮೊದಲು ಸಾಯುವುದು ಯುಪಿಎಸ್‌ನ ಬ್ಯಾಟರಿ.

1990ರ ದಶಕದಲ್ಲಿ ಭಾರತೀಯ ಕಂಪನಿಗಳು ತಯಾರಿಸಿದ ಇಪಿಎಬಿಎಕ್ಸ್ ಪೆಟ್ಟಿಗೆಗಳು ಜಿಲ್ಲಾ ಕೇಂದ್ರಗಳಿಗೂ ಬಂದವು. ವಡೋದರದ ಮ್ಯಾಟ್ರಿಕ್ಸ್ ಅಂಥವುಗಳಲ್ಲೊಂದು. ಲಾಡ್ಜು, ಬ್ಯಾಂಕು, ಕಾಲೇಜುಗಳಲ್ಲಿ ಹೊರಗಿನ ಕರೆಗೆ 0 ಒತ್ತಿ, ರಿಸೆಪ್ಷನ್‌ಗೆ 9 ಒತ್ತಿ ಎಂಬ ಚೀಟಿ ಅಂಟಿಸಿದ ಫೋನು ಆ ಕಾಲದ ಕುರುಹು. ದೊಡ್ಡ ಸಂಸ್ಥೆಗಳು ದೂರಸಂಪರ್ಕ ಇಲಾಖೆಯಿಂದ, ಆಮೇಲೆ 2000ದ ಅಕ್ಟೋಬರಿನಲ್ಲಿ ಹುಟ್ಟಿದ ಬಿಎಸ್‌ಎನ್‌ಎಲ್‌ನಿಂದ ಪಿಆರ್‌ಐ ಲೈನ್ ಪಡೆದವು. ಒಂದೇ ಕೊಂಡಿಯ ಮೇಲೆ 30 ಕರೆ ಒಟ್ಟಿಗೆ ಸಾಗಿಸಬಲ್ಲ ಡಿಜಿಟಲ್ ಸಂಪರ್ಕ ಅದು.

ಮಾತನ್ನು ಪ್ಯಾಕೆಟ್‌ಗಳಾಗಿ ಕಳುಹಿಸುವ ಪ್ರಯೋಗ ಅಮೆರಿಕದ ಅರ್ಪಾನೆಟ್‌ನಲ್ಲಿ 1970ರ ದಶಕದಲ್ಲೇ ನಡೆದಿತ್ತು. ಜನಸಾಮಾನ್ಯರ ಕೈಗೆ ಅದು ಬಂದದ್ದು 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿಯ ಇಂಟರ್ನೆಟ್ ಫೋನ್ ಎಂಬ ತಂತ್ರಾಂಶದಿಂದ. ಆದರೆ ಕಚೇರಿಯ ಎಕ್ಸ್‌ಚೇಂಜನ್ನು ನಿಜಕ್ಕೂ ಅಗ್ಗ ಮಾಡಿದವನು ಮಾರ್ಕ್ ಸ್ಪೆನ್ಸರ್ ಎಂಬ ಅಮೆರಿಕದ ಯುವಕ. ಲಿನಕ್ಸ್ ಬೆಂಬಲದ ಸಣ್ಣ ಕಂಪನಿ ಕಟ್ಟಿದ ಅವನಿಗೆ ಪಿಬಿಎಕ್ಸ್ ಕೊಳ್ಳುವಷ್ಟು ಹಣವಿರಲಿಲ್ಲ. 1999ರಲ್ಲಿ ತಾನೇ ಒಂದನ್ನು ಬರೆದು, ಅದರ ಮೂಲಸಂಕೇತವನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಅದೇ ಆಸ್ಟರಿಸ್ಕ್. ಇಂದು ಹಲವು ಬ್ರಾಂಡಿನ ಹೆಸರಿನಲ್ಲಿ ಮಾರುವ ಪೆಟ್ಟಿಗೆಗಳ ಹೊಟ್ಟೆಯಲ್ಲಿರುವುದೂ ಅದೇ. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಒಂದಕ್ಕೆ ಅದನ್ನು ಹಾಕಿ ಇಪ್ಪತ್ತು ಎಕ್ಸ್‌ಟೆನ್ಷನ್ ನಡೆಸುವುದು ಎಂಜಿನಿಯರಿಂಗ್ ವಿದ್ಯಾರ್ಥಿಯ ಪ್ರಾಜೆಕ್ಟಿನ ಮಟ್ಟದ ಕೆಲಸವಾಗಿದೆ.

ಟ್ರಂಕು, ನಂಬರು, ಊರು

ಒಳಗಿನ ಜಾಲ ಎಷ್ಟೇ ಹೊಸದಾದರೂ ಹೊರಗಿನ ಜಗತ್ತನ್ನು ಮುಟ್ಟಲು ಮೂರು ದಾರಿಗಳಿವೆ. ಅತಿ ಹೊಸದು ಸಿಪ್ ಟ್ರಂಕ್: ದೂರವಾಣಿ ಕಂಪನಿ ಫೈಬರ್ ಮೇಲೆಯೇ ನಂಬರುಗಳನ್ನೂ ಕರೆಗಳನ್ನೂ ಒದಗಿಸುತ್ತದೆ. ಎರಡನೆಯದು ಮೇಲೆ ಹೇಳಿದ ಪಿಆರ್‌ಐ. ಮೂರನೆಯದು ಗೇಟ್‌ವೇ: ಹಳೆಯ ತಾಮ್ರದ ಲೈನನ್ನು, ಕೆಲವೊಮ್ಮೆ ಸಿಮ್ ಕಾರ್ಡನ್ನು, ಐಪಿ ಜಾಲಕ್ಕೆ ಭಾಷಾಂತರಿಸುವ ಸಣ್ಣ ಪೆಟ್ಟಿಗೆ.

ಕಲಬುರಗಿಯಂಥ ಊರಿನಲ್ಲಿ ಮೂರನೆಯದು ಇನ್ನೂ ಬದುಕಿರುವುದಕ್ಕೆ ಒಂದು ಗಟ್ಟಿ ಕಾರಣವಿದೆ. ಭಾರತದಲ್ಲಿ ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಸೌಲಭ್ಯ 2011ರ ಜನವರಿಯಲ್ಲಿ ದೇಶದಾದ್ಯಂತ ಬಂತು. ಸ್ಥಿರ ದೂರವಾಣಿಗೆ ಅದು ಬರಲೇ ಇಲ್ಲ. ಇಪ್ಪತ್ತೈದು ವರ್ಷದಿಂದ ಬೋರ್ಡಿನ ಮೇಲೆ, ಔಷಧಿ ಚೀಟಿಯ ಮೇಲೆ, ಸುತ್ತಲ ಹಳ್ಳಿಗಳ ಡೈರಿಗಳಲ್ಲಿ ಅಚ್ಚಾಗಿರುವ 08472ರ ನಂಬರನ್ನು ಬಿಟ್ಟುಕೊಡಲು ಯಾವ ಆಸ್ಪತ್ರೆಯೂ ಒಪ್ಪುವುದಿಲ್ಲ. ಹಾಗಾಗಿ ಆ ಹಳೆಯ ಲೈನು ಗೇಟ್‌ವೇಯ ಬೆನ್ನಿಗೆ ಜೋತುಕೊಂಡು, ಒಳಗಿನ ಹೊಸ ವ್ಯವಸ್ಥೆಗೆ ಕರೆ ತರುತ್ತಲೇ ಇರುತ್ತದೆ. ಕಮಲಾಪುರಕ್ಕೆ 08478, ವಾಡಿಗೆ 08476, ಆಳಂದಕ್ಕೆ 08477 ಎಂದು ಊರಿಗೊಂದು ಸಂಕೇತ ಹಂಚಿದ ಕಾಲದಲ್ಲಿ ನಂಬರು ನೋಡಿದರೆ ಊರು ತಿಳಿಯುತ್ತಿತ್ತು. ಸ್ಥಿರ ದೂರವಾಣಿಯ ನಿಯಮಗಳು ಇಂದಿಗೂ ಬಹುಮಟ್ಟಿಗೆ ಆ ನಕ್ಷೆಯ ಮೇಲೆಯೇ ನಿಂತಿವೆ. ಖಾತೆಯಾಗಿ ಬದಲಾದ ನಂಬರಿಗೆ ಮಾತ್ರ ಊರಿನ ಹಂಗಿಲ್ಲ.

ಕಾನೂನು ಹಿಂದೆ, ತಂತ್ರ ಮುಂದೆ

ಭಾರತದಲ್ಲಿ ಐಪಿ ಪಿಬಿಎಕ್ಸ್ ತಡವಾಗಿ ಹರಡಿದ್ದಕ್ಕೆ ತಂತ್ರಜ್ಞಾನದ ಅಭಾವ ಕಾರಣವಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ನೆರಳಿನಲ್ಲಿ ಬೆಳೆದ ಪರವಾನಗಿ ಪದ್ಧತಿ ಸಾರ್ವಜನಿಕ ದೂರವಾಣಿಯನ್ನೂ ಅಂತರಜಾಲದ ಮಾತನ್ನೂ ಬೆರೆಸಲು ಬಿಡುತ್ತಿರಲಿಲ್ಲ. 2002ರ ಏಪ್ರಿಲ್ 1ರಂದು ಇಂಟರ್ನೆಟ್ ಟೆಲಿಫೋನಿಗೆ ಅನುಮತಿ ಸಿಕ್ಕಿತಾದರೂ ಅದು ಅರೆಬರೆ: ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡಬಹುದು, ಕಂಪ್ಯೂಟರಿನಿಂದ ಹೊರದೇಶದ ಫೋನಿಗೂ ಮಾತಾಡಬಹುದು, ಆದರೆ ದೇಶದೊಳಗಿನ ಫೋನಿಗೆ ಅಲ್ಲ. ಶಿಕಾಗೋದ ಫೋನಿಗೆ ಹೋಗಬಹುದಾದ ಕರೆ ಕಲಬುರಗಿ ಜಿಲ್ಲೆಯ ಸೇಡಂಗೆ ಹೋಗುವಂತಿರಲಿಲ್ಲ. ದೂರದ ಕರೆಯಿಂದ ಬರುವ ಆದಾಯವನ್ನು ದೂರವಾಣಿ ಕಂಪನಿಗಳು ಕಳೆದುಕೊಳ್ಳಬಾರದು, ಕರೆಯ ಮೂಲ ಪೊಲೀಸರಿಗೆ ಸಿಗದಂತಾಗಬಾರದು ಎಂಬೆರಡು ಚಿಂತೆ ಇದರ ಹಿಂದಿದ್ದವು. ಎರಡನೆಯ ಚಿಂತೆಗೆ ಅರ್ಥವಿತ್ತು, ಮೊದಲನೆಯದು ಗ್ರಾಹಕನ ಜೇಬಿನ ಮೇಲೆ ಹಾಕಿದ ಭಾರ.

ಕಂಪನಿಗಳಿಗೆ ಇದರಿಂದ ಆದ ತೊಂದರೆ ವಿಚಿತ್ರವಾದದ್ದು. ಕಲಬುರಗಿಯ ಶಾಖೆಯಿಂದ ಬೆಂಗಳೂರಿನ ಶಾಖೆಗೆ ಸ್ವಂತ ಡೇಟಾ ಲೈನಿನಲ್ಲಿ ಮಾತು ಕಳುಹಿಸಬಹುದು. ಆ ಮಾತನ್ನು ಬೆಂಗಳೂರಿನಲ್ಲಿ ಹೊರಗಿನ ಸಾರ್ವಜನಿಕ ಫೋನಿಗೆ ಸ್ಥಳೀಯ ಕರೆಯಾಗಿ ಇಳಿಸಿದರೆ ಅದು ಟೋಲ್ ಬೈಪಾಸ್, ಅಪರಾಧ. ಒಂದೇ ಯಂತ್ರದೊಳಗೆ ಎರಡು ಜಾಲಗಳು ಸೋಕದಂತೆ ಸಾಫ್ಟ್‌ವೇರಿನಲ್ಲಿ ಗೋಡೆ ಕಟ್ಟುವ ಸೌಲಭ್ಯವನ್ನು ವಿದೇಶಿ ತಯಾರಕರು ಭಾರತದಂಥ ಮಾರುಕಟ್ಟೆಗಾಗಿಯೇ ಸೇರಿಸಬೇಕಾಯಿತು. ಕಾಲ್ ಸೆಂಟರುಗಳಿಗೆ ಇನ್ನೊಂದು ಹೊರೆ. ಅವು ಇತರ ಸೇವಾದಾರರು ಎಂಬ ವರ್ಗದಲ್ಲಿ ಪ್ರತ್ಯೇಕವಾಗಿ ನೋಂದಣಿ ಮಾಡಿಸಿಕೊಳ್ಳಬೇಕಿತ್ತು, ನೌಕರರನ್ನು ಮನೆಯಿಂದ ದುಡಿಸಲು ಬ್ಯಾಂಕ್ ಗ್ಯಾರಂಟಿ ಕೊಡಬೇಕಿತ್ತು.

ಕಟ್ಟು ಸಡಿಲವಾದದ್ದು ರೋಗದಿಂದ. ಕೋವಿಡ್‌ನಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ಕಲಬುರಗಿಯದು. 2020ರ ಮಾರ್ಚ್ 10ರಂದು ತೀರಿಕೊಂಡ ವೃದ್ಧರಿಗೆ ಸೋಂಕಿದ್ದುದು 12ರಂದು ಖಚಿತವಾಯಿತು. ಮರುದಿನ, ಮಾರ್ಚ್ 13ರಂದು, ದೂರಸಂಪರ್ಕ ಇಲಾಖೆ ಮನೆಯಿಂದ ಕೆಲಸದ ಷರತ್ತುಗಳನ್ನು ತಾತ್ಕಾಲಿಕವಾಗಿ ಸಡಿಲಿಸಿತು. ತಾತ್ಕಾಲಿಕವಾದದ್ದು ಮುಂದುವರಿಯುತ್ತಲೇ ಹೋಯಿತು. 2020ರ ನವೆಂಬರ್ 5ರ ಮಾರ್ಗಸೂಚಿ ನೋಂದಣಿಯನ್ನೇ ತೆಗೆದುಹಾಕಿತು. 2021ರ ಜೂನ್ 23ರ ಮಾರ್ಗಸೂಚಿ ದೇಶೀಯ, ಅಂತರರಾಷ್ಟ್ರೀಯ ಎಂಬ ಕಾಲ್ ಸೆಂಟರುಗಳ ಭೇದವನ್ನು ಅಳಿಸಿತು. ಅದಕ್ಕೆ ಮುಂಚೆಯೇ, 2018ರಲ್ಲಿ, ದೇಶದೊಳಗಿನ ಯಾವ ಫೋನಿಗೂ ಅಂತರಜಾಲದ ಮೂಲಕ ಕರೆ ಮಾಡುವ ಸೇವೆಗೆ ದಾರಿ ತೆರೆದಿತ್ತು. ಆ ವರ್ಷದ ಜುಲೈನಲ್ಲಿ ಬಿಎಸ್‌ಎನ್‌ಎಲ್ ವರ್ಷಕ್ಕೆ 1,099 ರೂಪಾಯಿಗೆ ವಿಂಗ್ಸ್ ಎಂಬ ಸೇವೆ ಆರಂಭಿಸಿತು. ಸಿಮ್ ಬೇಡ, ಆ್ಯಪ್ ಸಾಕು, ಹತ್ತಂಕಿಯ ನಂಬರು ಸಿಗುತ್ತದೆ. ಅಧಿಕೃತ ಕಂಪನಿಯ ಕೆಲಸವನ್ನು ಗ್ರಾಹಕ ಸಂಸ್ಥೆ ತಾನೇ ಮಾಡಬಾರದು ಎಂಬ ಮೂಲ ತತ್ತ್ವ ಮಾತ್ರ ಉಳಿದಿದೆ. ಹೊರದೇಶದ ಕರೆಗಳನ್ನು ಅಂತರಜಾಲದಲ್ಲಿ ತರಿಸಿ, ನೂರಾರು ಸಿಮ್ ಹಾಕಿದ ಪೆಟ್ಟಿಗೆಗಳ ಮೂಲಕ ಸ್ಥಳೀಯ ಕರೆಯಂತೆ ಬಿಡುವ ಅಕ್ರಮ ಎಕ್ಸ್‌ಚೇಂಜುಗಳ ಮೇಲೆ ದಾಳಿಗಳು ನಡೆಯುತ್ತಲೇ ಇವೆ. 2021ರ ಜೂನ್‌ನಲ್ಲಿ ಸೇನಾ ಗುಪ್ತಚರ ವಿಭಾಗ ಮತ್ತು ಬೆಂಗಳೂರು ಪೊಲೀಸರು ಅಂಥ ಒಂದು ಜಾಲವನ್ನು ನಗರದಲ್ಲಿ ಹಿಡಿದರು. ತಂತ್ರದ ದೃಷ್ಟಿಯಿಂದ ಅದು ಆಸ್ಪತ್ರೆಯ ಮೂಲೆಯಲ್ಲಿರುವ ಗೇಟ್‌ವೇಯ ದೊಡ್ಡಣ್ಣನಷ್ಟೇ.

ಹೊರ ಕರೆಗಳ ಮೇಲೂ ಹತೋಟಿಯಿದೆ. ಪ್ರಚಾರದ ಕರೆಗಳಿಗೆ 140ರಿಂದ ಆರಂಭವಾಗುವ ನಂಬರು, ಬ್ಯಾಂಕು ಮುಂತಾದವುಗಳ ಸೇವಾ ಕರೆಗಳಿಗೆ 2024ರಲ್ಲಿ ನಿಗದಿಯಾದ 160ರಿಂದ ಆರಂಭವಾಗುವ ನಂಬರು. ಕರೆ ರೆಕಾರ್ಡ್ ಮಾಡುವುದು ಪಿಬಿಎಕ್ಸ್‌ನಲ್ಲಿ ಒಂದು ಗುಂಡಿಯ ಕೆಲಸವಾದರೂ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಂತರ ರೋಗಿಯ ಮಾತನ್ನು ಹಿಡಿದಿಟ್ಟುಕೊಳ್ಳುವ ಆಸ್ಪತ್ರೆ ಹಿಂದೆಂದಿಗಿಂತ ಹುಷಾರಾಗಿರಬೇಕು.

ಮೋಡದೊಳಗಿನ ಎಕ್ಸ್‌ಚೇಂಜ್

ಪೆಟ್ಟಿಗೆಯನ್ನೇ ಇಡದೆ, ತಿಂಗಳ ಬಾಡಿಗೆಗೆ ಎಕ್ಸ್‌ಚೇಂಜ್ ಪಡೆಯುವ ಕ್ಲೌಡ್ ಪದ್ಧತಿ 2010ರ ಆಸುಪಾಸಿನಲ್ಲಿ ಭಾರತದಲ್ಲಿ ಬೇರೂರಿತು. ಹೈದರಾಬಾದಿನ ಓಝೋನ್‌ಟೆಲ್, 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಕ್ಸೋಟೆಲ್ ಈ ಕ್ಷೇತ್ರದ ಪರಿಚಿತ ಹೆಸರುಗಳು. ಗ್ರಾಹಕ ಒಂದು ನಂಬರಿಗೆ ಕರೆ ಮಾಡುತ್ತಾನೆ, ಅದು ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ನೌಕರರ ಸಾದಾ ಮೊಬೈಲುಗಳಿಗೆ ಸರದಿಯಂತೆ ಹಂಚಿಹೋಗುತ್ತದೆ. ಕಚೇರಿಯಲ್ಲಿ ಯಾವ ಉಪಕರಣವೂ ಬೇಡವಾದ್ದರಿಂದ ಸಣ್ಣ ವ್ಯಾಪಾರಿಗಳಿಗೆ ಇದು ಒಗ್ಗಿತು. ಇದೇ ತಂತ್ರದ ತೀರ ದೇಸಿ ಪ್ರಯೋಗ ಮಿಸ್ಡ್ ಕಾಲ್. ಎತ್ತದ ಕರೆಗೆ ದುಡ್ಡಿಲ್ಲ ಎಂಬ ನಮ್ಮ ಜನರ ಲೆಕ್ಕಾಚಾರವನ್ನೇ ವ್ಯಾಪಾರವಾಗಿಸಿದ ಬೆಂಗಳೂರಿನ ಜಿಪ್‌ಡಯಲ್ 2010ರಲ್ಲಿ ಶುರುವಾಯಿತು. 2015ರ ಜನವರಿಯಲ್ಲಿ ಅದನ್ನು ಟ್ವಿಟರ್ ಕೊಂಡಿತು.

ಮೊಬೈಲ್ ಜಾಲವೂ ಈಗ ಇದೇ ಗೋತ್ರದ್ದು. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೋ, ಧ್ವನಿಗೆಂದೇ ಬೇರೆ ಜಾಲ ಇಟ್ಟುಕೊಳ್ಳದೆ, ಪ್ರತಿ ಕರೆಯನ್ನೂ ವೋಲ್ಟಿ ಎಂಬ ಹೆಸರಿನಲ್ಲಿ ಐಪಿ ಪ್ಯಾಕೆಟ್‌ಗಳಾಗಿಯೇ ಸಾಗಿಸಿತು. ಅದರ ಒಳಗೂ ಸಿಪ್ ಇದೆ. ಕಮಲಾಪುರದ ರೈತನ ಕೈಯಲ್ಲಿ 4ಜಿ ಫೋನ್ ಇದ್ದರೆ ಅವನು ಆಸ್ಪತ್ರೆಯ ರಿಸೆಪ್ಷನ್‌ಗಿಂತ ಮೊದಲೇ ಐಪಿ ದೂರವಾಣಿಯ ಗಿರಾಕಿಯಾಗಿದ್ದಾನೆ.

ದೊಡ್ಡ ಖಾಸಗಿ ಜಾಲಗಳ ಪೈಕಿ ಕಲಬುರಗಿ ಭಾಗದ ಜನ ದಿನವೂ ಹಾದುಹೋಗುವುದು ರೈಲ್ವೆಯದು. ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದ್ದು. ಅಲ್ಲಿನ ಅಧಿಕಾರಿ ಸೊಲ್ಲಾಪುರಕ್ಕೋ ಮುಂಬೈಗೋ ಮಾತಾಡಲು ಸಾರ್ವಜನಿಕ ಜಾಲ ಬೇಕಿಲ್ಲ, ಹಳಿಯ ಪಕ್ಕದಲ್ಲೇ ರೈಲ್ವೆಯ ಸ್ವಂತ ಕೇಬಲ್ ಇದೆ. ರಾಜ್ಯ ಸರ್ಕಾರದ ಬಳಿಯೂ ಇಂಥದ್ದುಂಟು. 2005ರಲ್ಲಿ ಕೇಂದ್ರ ಮಂಜೂರು ಮಾಡಿದ ರಾಜ್ಯವ್ಯಾಪಿ ಜಾಲ ಯೋಜನೆಯ ಕರ್ನಾಟಕದ ಅಂಗ ಕೆ-ಸ್ವಾನ್, ರಾಜಧಾನಿ, ಜಿಲ್ಲೆ, ತಾಲ್ಲೂಕುಗಳನ್ನು ಬೆಸೆದಿದೆ. ಡೇಟಾ, ವಿಡಿಯೊ ಜೊತೆಗೆ ಧ್ವನಿಯೂ ಆ ಯೋಜನೆಯ ಉದ್ದೇಶಗಳಲ್ಲಿ ಸೇರಿತ್ತು.

ಒಂದು ಒತ್ತಿ, ಎರಡು ಒತ್ತಿ

ಕರೆ ಮಾಡಿದವರಿಗೆ ಮುದ್ರಿತ ಧ್ವನಿಯಿಂದ ದಾರಿ ತೋರಿಸುವ ಐವಿಆರ್ ಪಿಬಿಎಕ್ಸ್‌ನ ಅತಿ ಪ್ರಿಯವಾದ, ಅತಿ ಕೆಟ್ಟದಾಗಿ ಬಳಕೆಯಾಗುವ ಸೌಲಭ್ಯ. ಕಲಬುರಗಿಗೆ ಬರುವ ಕರೆಗಳಲ್ಲಿ ಇಲ್ಲಿನ ಕನ್ನಡ, ದಖ್ಖನಿ ಉರ್ದು ಎರಡೂ ಇರುತ್ತವೆ. ಆಳಂದದ ಕಡೆಯಿಂದ ಮರಾಠಿ, ಸೇಡಂ ಕಡೆಯಿಂದ ತೆಲುಗು ಬೆರೆತ ಮಾತು. ಬೆಂಗಳೂರಿನ ಸ್ಟುಡಿಯೊದಲ್ಲಿ ಮುದ್ರಿಸಿದ, ಗ್ರಂಥಸ್ಥ ಕನ್ನಡದ ಏಳು ಆಯ್ಕೆಗಳ ಪಟ್ಟಿಯನ್ನು ಕೇಳಿ ವಯಸ್ಸಾದವರು ಫೋನ್ ಇಟ್ಟುಬಿಡುತ್ತಾರೆ. ಇಂಥ ಊರಿನ ಆಸ್ಪತ್ರೆಗೆ ಎರಡೇ ಆಯ್ಕೆ ಸಾಕು: ತುರ್ತು ಇದ್ದರೆ ಒಂದು, ಇಲ್ಲದಿದ್ದರೆ ಸುಮ್ಮನೆ ಕಾಯಿರಿ, ಮನುಷ್ಯರು ಎತ್ತುತ್ತಾರೆ. ಒತ್ತಿದ ಅಂಕಿ ಧ್ವನಿಯಂತೆ ಹೋಗಬೇಕೋ ಪ್ರತ್ಯೇಕ ಸಂದೇಶವಾಗಿ ಹೋಗಬೇಕೋ ಎಂಬುದು ಎರಡೂ ಕಡೆ ಒಂದೇ ಆಗಿರಬೇಕು. ಜಿ.729ನಂಥ ಬಿಗಿ ಕೋಡೆಕ್ ಗುಂಡಿಯ ನಾದವನ್ನು ಕೆಡಿಸುತ್ತದೆ, ಒಂದು ಒತ್ತಿದವರು ಎಲ್ಲಿಗೂ ತಲುಪುವುದಿಲ್ಲ. ಸಣ್ಣ ಅಂಗಡಿ, ಇಬ್ಬರು ಮೂವರ ವಕೀಲರ ಕಚೇರಿ, ನೆಹರು ಗಂಜ್‌ನ ಒಂಟಿ ತೊಗರಿ ದಲಾಲರು ಇವರಿಗೆ ಇದಾವುದೂ ಬೇಡ. ಎರಡು ಮೊಬೈಲು, ಒಂದು ಫಾರ್ವರ್ಡಿಂಗ್ ಸಾಕು.

ಕೈಕೊಡುವ ಬಗೆಗಳು

ಮೊದಲನೆಯದು ಕರೆಂಟು. ಹಳೆಯ ತಾಮ್ರದ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು. ಊರಿಗೆಲ್ಲ ಕರೆಂಟು ಹೋದರೂ ವಿದ್ಯುತ್ ಕಂಪನಿ ಜೆಸ್ಕಾಂಗೆ ದೂರು ಹೇಳಲು ಫೋನು ಬದುಕಿರುತ್ತಿತ್ತು. ಐಪಿ ಫೋನಿಗೆ ಆ ಭಾಗ್ಯವಿಲ್ಲ. ಕರೆಂಟು ಹೋದರೆ ಫೋನು, ಸ್ವಿಚ್ಚು, ರೌಟರು, ಫೈಬರಿನ ತುದಿಯ ಪೆಟ್ಟಿಗೆ ನಾಲ್ಕೂ ಒಟ್ಟಿಗೆ ಸಾಯುತ್ತವೆ. ಜಾಲದ ಕೇಬಲಿನಲ್ಲೇ ಫೋನಿಗೆ ವಿದ್ಯುತ್ ಕೊಡುವ, 2003ರಲ್ಲಿ ಮಾನದಂಡವಾದ ಪಿಒಇ ಸ್ವಿಚ್ ಬಳಸಿ, ಅದೊಂದಕ್ಕೆ ಮತ್ತು ಫೈಬರ್ ಪೆಟ್ಟಿಗೆಗೆ ಯುಪಿಎಸ್ ಕೊಟ್ಟರೆ ಬಹುಪಾಲು ಪಾರಾದಂತೆ. ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಕೊಟ್ಟು, ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯನ್ನು ಸಾದಾ ಪ್ಲಗ್ಗಿಗೆ ಸಿಕ್ಕಿಸಿರುವ ಕಚೇರಿಗಳು ಅಪರೂಪವಲ್ಲ.

ಎರಡನೆಯದು ಕಳ್ಳತನ. ಅಂತರಜಾಲಕ್ಕೆ ನೇರ ತೆರೆದುಕೊಂಡ ಪಿಬಿಎಕ್ಸ್‌ನ 5060ನೇ ಪೋರ್ಟನ್ನು ಜಗತ್ತಿನ ಮೂಲೆಗಳಿಂದ ಯಂತ್ರಗಳು ಬಿಡುವಿಲ್ಲದೆ ತಟ್ಟುತ್ತಿರುತ್ತವೆ. 203ನೇ ಎಕ್ಸ್‌ಟೆನ್ಷನ್‌ನ ಪಾಸ್‌ವರ್ಡ್ 203 ಎಂದೇ ಇದ್ದರೆ ಒಂದು ಶನಿವಾರ ರಾತ್ರಿ ಯಾರೋ ಒಳಹೊಕ್ಕು, ದುಬಾರಿ ವಿದೇಶಿ ನಂಬರುಗಳಿಗೆ ಬೆಳತನಕ ಕರೆ ಮಾಡಿ, ಸೋಮವಾರ ಬಿಲ್ಲು ಬಿಟ್ಟುಹೋಗುತ್ತಾರೆ. ಉದ್ದನೆಯ ಪಾಸ್‌ವರ್ಡ್, ಬೇಡದ ಐಎಸ್‌ಡಿ ಮುಚ್ಚುವುದು, ಹೊರಗಿನ ನೌಕರರನ್ನು ವಿಪಿಎನ್ ಮೂಲಕವೇ ಒಳಗೆ ಬಿಡುವುದು, ದೊಡ್ಡ ಸಂಸ್ಥೆಯಾದರೆ ಬಾಗಿಲಲ್ಲಿ ಸೆಷನ್ ಬಾರ್ಡರ್ ಕಂಟ್ರೋಲರ್ ಎಂಬ ಕಾವಲು ಯಂತ್ರ ನಿಲ್ಲಿಸುವುದು ಇದಕ್ಕಿರುವ ಉಪಾಯಗಳು.

ಮೂರನೆಯದು ತುರ್ತುಕರೆ. ನಂಬರಿಗೆ ಊರಿನ ಹಂಗಿಲ್ಲದ್ದರಿಂದ, ಬೇರೆ ಊರಿನಲ್ಲಿ ಕೂತು ಕಚೇರಿಯ ಆ್ಯಪ್‌ನಿಂದ 112 ಒತ್ತಿದವರ ಜಾಗ ಪೊಲೀಸರಿಗೆ ತಪ್ಪಾಗಿ ಕಾಣಬಹುದು. ತುರ್ತಿಗೆ ಸ್ವಂತ ಮೊಬೈಲಿನಿಂದಲೇ ಕರೆ ಮಾಡಬೇಕೆಂದು ಕಂಪನಿಗಳು ನೌಕರರಿಗೆ ಹೇಳುವುದು ಇದಕ್ಕೇ.

ಎಲ್ಲವನ್ನೂ ಒಂದೇ ಕೇಂದ್ರಕ್ಕೆ ಕಟ್ಟಿದಾಗ ಏನಾಗುತ್ತದೆಂಬುದನ್ನು ಕರ್ನಾಟಕ ದೊಡ್ಡ ಪ್ರಮಾಣದಲ್ಲಿ ಕಂಡದ್ದು 2022ರ ಸೆಪ್ಟೆಂಬರ್ ಕೊನೆಯಲ್ಲಿ. 108 ಆಂಬುಲೆನ್ಸ್ ಸೇವೆಯ ಕರೆಕೇಂದ್ರದ ತಾಂತ್ರಿಕ ವ್ಯವಸ್ಥೆ ಕೆಟ್ಟು, ರಾಜ್ಯದಾದ್ಯಂತ ಕರೆಗಳನ್ನು ಸ್ವೀಕರಿಸುವುದು, ಆಂಬುಲೆನ್ಸ್ ಕಳುಹಿಸುವುದು ಅಸ್ತವ್ಯಸ್ತವಾಯಿತು. ಆಂಬುಲೆನ್ಸುಗಳೂ ಚಾಲಕರೂ ತಮ್ಮ ತಮ್ಮ ಊರುಗಳಲ್ಲೇ ಇದ್ದರು, ಕರೆ ಅವರನ್ನು ತಲುಪುವ ದಾರಿ ಮಾತ್ರ ಕೆಟ್ಟಿತ್ತು. ಈಗಿನ ಪಿಬಿಎಕ್ಸ್‌ಗಳಲ್ಲಿ ಇಂಥ ಹೊತ್ತಿಗೆಂದೇ ಒಂದು ಸಾಲು ಬರೆದಿಡಬಹುದು: ಎಕ್ಸ್‌ಟೆನ್ಷನ್‌ಗಳು ನೋಂದಣಿ ಕಳೆದುಕೊಂಡರೆ ಕರೆಯನ್ನು ಇಂತಿಂಥ ಮೊಬೈಲಿಗೆ ಕಳುಹಿಸು. ಪಿಬಿಎಕ್ಸ್ ಕ್ಲೌಡಿನಲ್ಲಿದ್ದರೆ ಆ ಸಾಲು ಅಲ್ಲೇ ಇರುತ್ತದೆ. ಪೆಟ್ಟಿಗೆ ಕಟ್ಟಡದೊಳಗೇ ಇದ್ದರೆ ಅದೂ ಕರೆಂಟಿನ ಜೊತೆ ಹೋಗಿರುತ್ತದಾದ್ದರಿಂದ, ಫಾರ್ವರ್ಡಿಂಗ್ ಅನ್ನು ಟ್ರಂಕ್ ಒದಗಿಸುವ ದೂರವಾಣಿ ಕಂಪನಿಯ ಬದಿಯಲ್ಲೇ ಮೊದಲು ಮಾಡಿಸಿಡಬೇಕಾಗುತ್ತದೆ.